ನೀರಿನ ನೆಂಟಸ್ತಿಕೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಎಡಗಾಲಿನ ಬೂಟು.

ಬೂಟು ಸಿಕಾರ್ಟ್ ಮಾವನದು. ಎಪ್ಪತ್ತು ದಾಟಿದ ಸಿಕಾರ್ಟ್ ಮಾವ ಮೊಂತಿರೋಲ್ ಕೋಟೆಯ ಒಡೆಯ ಐಮೆರಿಕನಿಗೆ ಖಾಸಾ ಸೋದರಮಾವ. ಹಿಂದಿನ ರಾತ್ರಿ ಐಮೆರಿಕನ ಹೆಂಡತಿ ಅಲಮಾಂದ, ಮದುವೆಯಾದ ಒಂಬತ್ತನೆಯ ವರ್ಷಕ್ಕೆ, ಚೊಚ್ಚಲ ಗಂಡುಮಗುವನ್ನು ಹೆತ್ತಿದ್ದಳು. ಬೆಳಿಗ್ಗೆಯೇ ಇಗರ್ಜಿಯಲ್ಲಿ ಜ್ಞಾನಸ್ನಾನ. ಮಗುವನ್ನು ಕಲ್ಲುತೊಟ್ಟಿಯ ನೀರಿನಿಂದ ಎತ್ತಿಕೊಂಡು ಅದಕ್ಕೆ ಜ್ಞಾನತಂದೆಯಾಗಬೇಕಾದವನು ಸಿಕಾರ್ಟ್ ಮಾವ. ಆದರೆ ಇಗರ್ಜಿಯ ಬಾಗಿಲು ಇನ್ನು ಹತ್ತು ಹೆಜ್ಜೆ ಇದೆ ಎನ್ನುವಾಗ ಅವನ ಎಡಗಾಲು ಕೆಸರಿನಲ್ಲಿ ಹೂತುಕೊಂಡಿತು. ಎಳೆದಾಗ ಕಾಲು ಬಂತು, ಬೂಟು ಬರಲಿಲ್ಲ.

"ನಾಲ್ಕು ಯುದ್ಧ ನೋಡಿದ ಬೂಟು ಕಣೋ ಇದು. ಬಿಟ್ಟು ಬರೋದಿಲ್ಲ. ನೀವು ಶುರು ಹಚ್ಕೊಳ್ಳಿ, ಬಂದೇಬಿಟ್ಟೆ," ಎಂದು ಮಾವ ಒಂಟಿಕಾಲಿನಲ್ಲಿ ಬಗ್ಗಿದ.

ಶುರು ಹಚ್ಚಿಕೊಂಡರು. ಪೋನ್ಸ್ ಪಾದ್ರಿಗಳ ಎರಡು ಕಣ್ಣಿಗೂ ಪೊರೆ ಬಂದು ಹನ್ನೆರಡು ವರ್ಷವಾಗಿತ್ತು. ಊರಿನವರೆಲ್ಲ ಅವರಿಗೆ ಮಂಜಿನಲ್ಲಿ ನಿಂತ ಮರಗಳಂತೆ ಕಾಣುತ್ತಿದ್ದರು. ದನಿ ಕೇಳಿ ಇಂಥ ಮರ ಎಂದು ಗುರುತು ಹಿಡಿಯುತ್ತಿದ್ದರು. ಅದೇ ರಾತ್ರಿ ಗಿರಣಿಯ ಗಿರೌಟನ ಹೆಂಡತಿ ಗಾಲಿಯಾನಳೂ ಎಂಟನೆಯದನ್ನು ಹೆತ್ತಿದ್ದಳು, ಅದೂ ಗಂಡು. ಚಳಿಗಾಲದಲ್ಲಿ ತೊಟ್ಟಿಯ ನೀರನ್ನು ಎರಡೆರಡು ಸಲ ಬಿಸಿ ಮಾಡುವವರು ಯಾರು? ಎರಡನ್ನೂ ಒಂದೇ ನೀರಿನಲ್ಲಿ ಮುಗಿಸುವುದು ಎಂದಾಯಿತು. ರಾತ್ರಿಯಿಡೀ ಕೋಟೆಗೂ ಗಿರಣಿಗೂ ಓಡಾಡಿದ್ದ ಸೂಲಗಿತ್ತಿ ಪೆಯ್ರೋನ, ಕೈಗೊಂದು ಮಗು ಹಿಡಿದು, ನಿಂತಲ್ಲೇ ತೂಕಡಿಸುತ್ತ ಪಾದ್ರಿಗಳ ಎದುರಿಗಿದ್ದಳು.

"ದೊರೆಗಳ ಮಗು ಬಲಗಡೆ ಇದೆ, ಸ್ವಾಮಿ," ಎಂದಳು ಆಕಳಿಸುತ್ತ.

ಪಾದ್ರಿಗಳು ಬಲಗೈ ಚಾಚಿ ಮಗುವನ್ನು ತೆಗೆದುಕೊಂಡು, ಸುತ್ತಿದ ಬಟ್ಟೆ ಬಿಚ್ಚಿ, ಎದೆಗೂ ಬೆನ್ನಿಗೂ ಎಣ್ಣೆ ಸವರಿದರು. ಕಣ್ಣು ಕಾಣದ್ದರಿಂದ ಎಣ್ಣೆಯ ವಿಷಯದಲ್ಲಿ ಅವರದು ಧಾರಾಳದ ಕೈ.

"ಹೆಸರೇನು?"

"ಐಮೆರಿಕ್," ಎಂದಳು ಜ್ಞಾನತಾಯಿಯಾಗಿ ನಿಂತಿದ್ದ ಐಮೆರಿಕನ ಅತ್ತೆ, ಅಲಮಾಂದಳ ತಾಯಿ ಬ್ರುನಿಸೆಂದ, ಔಷಧಿ ನುಂಗುವವಳ ಮುಖ ಮಾಡಿಕೊಂಡು. ಏಳು ತಲೆಯಿಂದ ಮೊಂತಿರೋಲಿನ ಒಡೆಯರೆಲ್ಲ ಐಮೆರಿಕರೇ. ಗೋಪುರದ ಬಾಗಿಲ ಮೇಲೆ ಮೊದಲನೆಯವನು ಆ ಹೆಸರು ಕೆತ್ತಿಸಿದ್ದೇ ಕೊನೆ. ಆಮೇಲೆ ಯಾರಿಗೂ ಕಲ್ಲುಕುಟಿಗನನ್ನು ಕರೆಸುವ ಪ್ರಮೇಯವೇ ಬಂದಿರಲಿಲ್ಲ.

ಮೂರು ಸಲ ಮುಳುಗಿಸಿ ಎತ್ತಿದ ಪಾದ್ರಿಗಳು ಮಗುವನ್ನು ಮುಂದಕ್ಕೆ ಚಾಚಿ, "ಎತ್ಕೊಳ್ಳಿ," ಎಂದರು.

ಎತ್ತಿಕೊಳ್ಳಬೇಕಾದವನು ಹೊರಗೆ ಕೆಸರಿನ ಜೊತೆ ಜಗ್ಗಾಡುತ್ತಿದ್ದ. ಬ್ರುನಿಸೆಂದ ಹೊಸ ರೇಷ್ಮೆ ತೋಳಿಗೆ ನೀರು ಸಿಡಿದೀತೆಂದು ಹಿಂದಕ್ಕೆ ಸರಿದಳು. ಮಗು ಪಾದ್ರಿಗಳ ಕೈಯಲ್ಲಿ ಬೆಣ್ಣೆ ಮುದ್ದೆಯ ಹಾಗೆ ಜಾರತೊಡಗಿತು.

"ಯಾರಾದ್ರೂ ಎತ್ಕೊಳ್ರಪ್ಪಾ!"

ಹೆತ್ತ ಅಪ್ಪನಿಗೆ ತೊಟ್ಟಿಯ ಬಳಿ ಕೆಲಸವಿಲ್ಲ. ಪದ್ಧತಿಯಂತೆ ಐಮೆರಿಕ ಕಂಬದ ಹಿಂದೆ ನಿಂತಿದ್ದ. ಅಲ್ಲಿಂದ ಒಂದೇ ನೆಗೆತಕ್ಕೆ ಬಂದು ಎರಡೂ ಕೈಯಲ್ಲಿ ಮಗುವನ್ನು ಹಿಡಿದುಬಿಟ್ಟ. ಮಗು ಒಮ್ಮೆ ಸೀನಿ, ಅವನ ಹೆಬ್ಬೆರಳು ಹಿಡಿದುಕೊಂಡಿತು. ಆ ಪುಟ್ಟ ಪಾದ, ಅದಕ್ಕೆ ಕಟ್ಟಿದ್ದ ನೀಲಿ ಉಣ್ಣೆಯ ದಾರ, ಅದರಿಂದ ತೊಟ್ಟಿಕ್ಕುವ ನೀರು! ಐಮೆರಿಕ ಮಗುವನ್ನು ಎದೆಗೆ ಒತ್ತಿಕೊಂಡ. 'ಮೂಗು ನೋಡು, ಥೇಟ್ ನಮ್ಮಪ್ಪನದೇ,' ಎಂದುಕೊಂಡ.

ಎರಡನೆಯ ಮಗುವಿನ ಸರದಿ ಬಂದಾಗ ಗಿರಣಿಯ ಗಿರೌಟ್, ದೊರೆಗಳೇ ಹೀಗೆ ಮಾಡಿದ ಮೇಲೆ ಇದು ಅರಮನೆ ಕಡೆಯ ಹೊಸ ಪದ್ಧತಿಯೇ ಇರಬೇಕೆಂದು, ಜ್ಞಾನತಂದೆಯಾಗಲು ಬಂದಿದ್ದ ಹೆಂಡತಿಯ ತಮ್ಮನನ್ನು ಮೊಣಕೈಯಲ್ಲಿ ಪಕ್ಕಕ್ಕೆ ತಳ್ಳಿ ತಾನೇ ಎತ್ತಿಕೊಂಡ. ಅದಕ್ಕೂ ಮೊದಲು ಪಾದ್ರಿಗಳು ಹೆಸರು ಕೇಳಿದಾಗ, "ಗಿರೌಟ್," ಎಂದು ತನ್ನ ಹೆಸರನ್ನೇ ಗಟ್ಟಿಯಾಗಿ ಕೂಗಿದ್ದ. ಮೊದಲ ಆರು ಹೆಣ್ಣು, ಏಳನೆಯದಕ್ಕೆ ಆ ತಮ್ಮನ ಹೆಸರು; ಈ ಸಲ ಬಿಟ್ಟುಕೊಡುವ ಮಾತೇ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಪಾದ್ರಿಗಳು ಕೈ ಒರೆಸಿಕೊಳ್ಳುತ್ತ ಕೇಳಿದರು: "ಒಡೆಯರ ಮಗನ್ನ ಎತ್ಕೊಂಡವರು ಯಾರು? ಸಿಕಾರ್ಟ್ ಸಾಹೇಬರ ಕೆಮ್ಮು ಕೇಳಿಸಲಿಲ್ಲ."

"ನಾನೇ ಸ್ವಾಮಿ," ಎಂದ ಐಮೆರಿಕ ಹೆಮ್ಮೆಯಿಂದ.

"ನಾನೇ ಅಂದ್ರೆ?"

"ನಾನೇ. ಅಪ್ಪ."

ಪಾದ್ರಿಗಳು ತೊಟ್ಟಿಯ ಕಟ್ಟೆಯ ಮೇಲೆ ಮೆಲ್ಲಗೆ ಕುಳಿತರು.

"ಏನು ಮಾಡಿಬಿಟ್ರಿ, ಒಡೆಯರೇ! ನೀರಿನಿಂದ ಎತ್ತಿದವನಿಗೂ ಹೆತ್ತವಳಿಗೂ ನೀರಿನ ನೆಂಟಸ್ತಿಕೆ. ಒಡಹುಟ್ಟಿದ ಅಣ್ಣ ತಂಗಿ ಇದ್ದ ಹಾಗೆ. ನೀರಿನ ನೆಂಟರು ಗಂಡ ಹೆಂಡ್ತಿ ಆಗೋ ಹಾಗೇ ಇಲ್ಲ."

"ನಾವು ಆಗ್ಲೇ ಆಗಿದ್ದೀವಲ್ಲ ಸ್ವಾಮಿ! ಒಂಬತ್ತು ವರ್ಷ ಆಯ್ತು!"

"ಅದೇ ನೋಡಿ ತೊಂದರೆ."

ಬ್ರುನಿಸೆಂದ ನಿಟ್ಟುಸಿರು ಬಿಟ್ಟಳು. ಒಂಬತ್ತು ವರ್ಷದಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದ ನಿಟ್ಟುಸಿರು ಅದು.

"ದೇವರು ದೊಡ್ಡವನು," ಎಂದಳು.

*

ಬ್ರುನಿಸೆಂದಳಿಗೆ ಅಳಿಯನ ಮೇಲೆ ದ್ವೇಷವೇನೂ ಇರಲಿಲ್ಲ. ಅವನಿಗೆ ಒಂದೇ ಗೋಪುರ ಇದ್ದದ್ದು ಅವಳಿಗೆ ಸರಿಬಂದಿರಲಿಲ್ಲ, ಅಷ್ಟೆ. ಕಣಿವೆಯಾಚೆಯ ವಾಲ್ಸ್ ಒಡೆಯನಿಗೆ ಎರಡು ಗೋಪುರ, ಮೇಲಾಗಿ ಅವನು ವಿಧುರ. ಆ ಎರಡನೆಯ ಗೋಪುರ ಅವಳ ಕಿಟಕಿಗೆ ಕಾಣುತ್ತಿತ್ತು; ದಿನಾ ಬೆಳಿಗ್ಗೆ ಎದ್ದು ನೋಡುತ್ತಿದ್ದಳು.

ಐಮೆರಿಕ ಇಗರ್ಜಿಯಿಂದ ಗುಡ್ಡ ಹತ್ತಿ ಕೋಟೆ ಸೇರುವಷ್ಟರಲ್ಲಿ ಊರಿಗೆ ಊರೇ ಧರ್ಮಶಾಸ್ತ್ರ ಕಲಿತುಬಿಟ್ಟಿತ್ತು.

"ಕೈಗವಸು ಹಾಕ್ಕೊಂಡಿದ್ದೆ ಅಂದ್ಬಿಡಿ, ಧಣಿ," ಎಂದ ಕಮ್ಮಾರ. "ತೊಗಲಿಗೆ ನೆಂಟಸ್ತಿಕೆ ಇಳಿಯಲ್ಲ."

"ಯಾವ ಕಡೆಯಿಂದ ಹಿಡಿದ್ರಿ?" ಬಟ್ಟೆ ಒಗೆಯುತ್ತಿದ್ದ ಮುದುಕಿಯ ಪ್ರಶ್ನೆ. "ತಲೆ ಕಡೆಯಿಂದಲಾದ್ರೆ ಪೂರಾ ಅಣ್ಣ. ಕಾಲ ಕಡೆಯಿಂದಾದ್ರೆ ದಾಯಾದಿ ಅಣ್ಣ ಇದ್ದೀತು."

"ಮೇಲೂರಲ್ಲಿ ಒಬ್ಬ ಬೇಕೂಂತಲೇ ಹೀಗೆ ಎತ್ಕೊಂಡನಂತೆ, ಹೆಂಡ್ತಿ ಕಾಟ ತಾಳಲಾರದೆ," ಎಂದ ಕೋಟೆ ಬಾಗಿಲ ಕಾವಲುಗಾರ. "ಈಗ ಒಬ್ಬನೇ ಇದ್ದಾನೆ, ಪಾಪ. ಮೈಯೆಲ್ಲ ತುಂಬ್ಕೊಂಡು ಕೆಂಪಗಾಗಿದ್ದಾನೆ."

ಅಂಗಳದಲ್ಲಿ ಅಡುಗೆಯವಳು ಹೆಬ್ಬಾತಿನ ಕತ್ತು ಹಿಡಿದು ನಿಂತಿದ್ದಳು. "ಒಡೆಯರೇ, ಇವತ್ತಿನ ಊಟ ಮಗೂದೋ ಬೀಳ್ಕೊಡುಗೇದೋ? ಬೀಳ್ಕೊಡುಗೆ ಆದ್ರೆ ಒಂದು ಬಾತು ಸಾಕು."

ಐಮೆರಿಕ ಮೆಟ್ಟಿಲು ಹತ್ತಿದ. ಬಾಣಂತಿ ಕೋಣೆಗೆ ಹೊರಗಿನಿಂದ ಬೀಗ. ಬಾಗಿಲಿಗೆ ಅಡ್ಡವಾಗಿ ಸ್ಟೂಲು ಹಾಕಿಕೊಂಡು ಬ್ರುನಿಸೆಂದ ನೂಲು ತೆಗೆಯುತ್ತ ಕೂತಿದ್ದಳು. ಅವನಿಗಿಂತ ಮುಂಚೆ ಹೇಗೆ ಬಂದಳೋ! ಬೀಗದ ಕೈ ಸೊಂಟದಲ್ಲಿ ತೂಗುತ್ತಿತ್ತು.

"ಬನ್ನಿ ಅಳಿಯಂದಿರೇ. ಓ, ತಪ್ಪಿದೆ. ಬಾಪ್ಪಾ ಮಗನೇ. ಈಗ ನೀನೂ ನನ್ನ ಹೊಟ್ಟೇಲಿ ಹುಟ್ಟಿದವನ ಲೆಕ್ಕ ಅಲ್ವಾ?"

"ಅತ್ತೆ, ಮಗು ಬೀಳ್ತಿತ್ತು. ಏನು ಮಾಡ್ಬೇಕಿತ್ತು?"

"ಜ್ಞಾನತಾಯಿ ಅಂತ ನಾನಿರಲಿಲ್ವಾ?"

"ನೀವು ತೋಳು ಮಡಚ್ಕೊಂಡು ಹಿಂದಕ್ಕೆ ಹೋದ್ರಿ!"

"ದೇವರ ಪ್ರೇರಣೆ," ಎಂದಳು ಬ್ರುನಿಸೆಂದ, ನೂಲಿನಿಂದ ಕಣ್ಣೆತ್ತದೆ.

ಒಳಗಿನಿಂದ ಅಲಮಾಂದಳ ದನಿ ಬಂತು, ಬಳಲಿದ ದನಿ. "ರೀ... ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಬೇಕೂಂತ ಎತ್ಕೊಂಡ್ರಾ?"

ಊರಿನವರು ಏನೇ ಆಡಲಿ. ಇವಳೂ ಹೀಗೆ ಕೇಳುವುದೇ? "ಇಲ್ಲ ಕಣೇ! ನಿನ್ನಾಣೆ. ಪಾದ್ರಿಗಳ ಕೈಯಿಂದ ಜಾರ್ತಾ ಇತ್ತು."

"ಏನು? ನನ್ನ ಮಗು ಜಾರ್ತಾ ಇತ್ತಾ? ಆ ಕುರುಡು ಮುದುಕನ ಕೈಗೆ ಯಾಕ್ರೀ ಕೊಟ್ರಿ? ನೀವೆಲ್ಲಿದ್ರಿ?"

"ಕಂಬದ ಹಿಂದೆ."

"ಕಂಬದ ಹಿಂದೆ ಏನ್ರೀ ಕೆಲಸ ನಿಮಗೆ?"

ಎತ್ತಿಕೊಂಡದ್ದಕ್ಕೂ ಬೈಗುಳ, ಬೇಗ ಎತ್ತಿಕೊಳ್ಳದ್ದಕ್ಕೂ ಬೈಗುಳ. ಐಮೆರಿಕನಿಗೆ ಯಾಕೋ ಸಮಾಧಾನವಾಯಿತು. ಅಣ್ಣನನ್ನು ಯಾರೂ ಹೀಗೆ ಬೈಯುವುದಿಲ್ಲ. ಇದು ಗಂಡನಿಗೇ ಮೀಸಲಾದ ದನಿ.

ಅಲಮಾಂದ ಬಾಗಿಲ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದಳು. "ಮಠಕ್ಕೆ ಹೋಗಿ. ಉಗೋಲೆನ್ ಪಂಡಿತರನ್ನ ಕೇಳಿ. ಅವರು ಸರಿ ಅಂದ್ರೆ ಅಮ್ಮನೂ ಬಾಯಿ ಮುಚ್ತಾಳೆ. ಇವತ್ತೇ ಹೋಗಿ. ನಾಳೆ ಬೆಳಿಗ್ಗೆ ಅಮ್ಮ ನನ್ನ ಮದುವೆ ಮಾತಿಗೆ ವಾಲ್ಸ್‌ಗೆ ಆಳು ಕಳಿಸ್ತಾಳಂತೆ."

"ಕಳಿಸ್ತೀನಿ," ಎಂದಳು ಬ್ರುನಿಸೆಂದ. ಅವಳ ಕಿವಿಗೆ ಪೊರೆ ಬಂದಿರಲಿಲ್ಲ.

*

ಮಠ ನದಿಯಾಚೆ; ಐಮೆರಿಕ ಕುದುರೆ ಏರಿ ಹೋದ. ಉಗೋಲೆನ್ ಪಂಡಿತರು ದೂರದ ಬೊಲೋನ್ಯದ ವಿದ್ಯಾಪೀಠದಲ್ಲಿ ಹನ್ನೊಂದು ವರ್ಷ ಧರ್ಮಶಾಸ್ತ್ರ ಓದಿ ಬಂದವರು. ಮದುವೆ ಕಟ್ಟುವುದಿರಲಿ, ಬಿಚ್ಚುವುದಿರಲಿ, ಆ ಕಣಿವೆಯಲ್ಲಿ ಅವರ ಮಾತೇ ಕೊನೆಯ ಮಾತು. ತೊಂದರೆಯೇನೆಂದರೆ, ಸಂಜೆಯ ಪ್ರಾರ್ಥನೆ ಮುಗಿಯುವ ತನಕ ಅವರು ಮಾತೇ ಆಡುವಂತಿರಲಿಲ್ಲ. ಮಠದ ನಿಯಮ.

ಐಮೆರಿಕ ಅವರ ಮುಂದೆ ಮೊಣಕಾಲೂರಿ ಬೂಟಿನಿಂದ ಬೀಗದವರೆಗೆ ಎಲ್ಲವನ್ನೂ ಹೇಳಿದ. ಪಂಡಿತರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಕಣ್ಣು ತೆರೆದು, ತುಟಿಯ ಮೇಲೆ ಒಂದು ಬೆರಳಿಟ್ಟು ಅವನನ್ನೇ ದಿಟ್ಟಿಸಿದರು. ಆಮೇಲೆ ಎರಡು ಮುಷ್ಟಿಗಳನ್ನು ಒಂದರ ಮೇಲೊಂದು ಹಿಡಿದು, ಏನನ್ನೋ ಹಿಸುಕಿ ಹಿಂಡುವಂತೆ ತಿರುಚಿದರು. ಕೊನೆಗೆ ಬೆರಳೆತ್ತಿ ಮೇಲಕ್ಕೆ ತೋರಿಸಿ, ತಮ್ಮ ಪುಸ್ತಕಕ್ಕೆ ಮರಳಿದರು.

ಐಮೆರಿಕ ಹೊರಬಂದ. ಮಠದಲ್ಲಿ ಮಾತಾಡಲು ಅಪ್ಪಣೆ ಇದ್ದವನು ಬಾಗಿಲು ಕಾಯುವವನೊಬ್ಬನೇ. ಹಾಗಾಗಿ ಎಲ್ಲರ ಪಾಲಿನ ಮಾತನ್ನೂ ಅವನೇ ಆಡುತ್ತಿದ್ದ.

"ಏನಾಯ್ತು, ಒಡೆಯರೇ? ಮುಖ ಸುಣ್ಣ ಬಳಿದ ಹಾಗಿದೆ!"

"ಕತ್ತು ಹಿಸುಕಿದರಪ್ಪಾ. ಮದುವೆಯ ಕತ್ತು. ಇನ್ನು ಮೇಲಿರೋನೇ ಗತಿ ಅಂತ ಕೈ ತೋರಿಸಿದ್ರು."

"ಹಿಸುಕಿದ್ರಾ? ಹೇಗೆ? ಹೀಗಾ?" ಬಾಗಿಲಿನವನು ಮುಷ್ಟಿ ತಿರುಚಿ ತೋರಿಸಿದ. "ಅಯ್ಯೋ ದೇವರೇ! ಅದು ಹಾವುಮೀನು! ನಮ್ಮ ಕೈಮಾತಲ್ಲಿ ಹಾವುಮೀನು ಅಂದ್ರೆ ಹಾಗೆ. ನಾಳೆ ಶುಕ್ರವಾರ ಅಲ್ವಾ? ಮೇಲೆ ತೋರಿಸಿದ್ದು ಗಂಟೆ. ಸಂಜೆ ಗಂಟೆ ಹೊಡೆದ ಮೇಲೆ ತೀರ್ಪು ಹೇಳ್ತಾರೆ, ಅಷ್ಟರಲ್ಲಿ ನಿಮ್ಮ ಕೆರೆಯ ಹಾವುಮೀನು ನಾಲ್ಕು ಕಳಿಸ್ಕೊಡಿ ಅಂತ."

"ಮತ್ತೆ ಮೊದಲು ತುಟಿ ಮೇಲೆ ಬೆರಳಿಟ್ರಲ್ಲ?"

"ಅದು ಮೌನದ ನಿಯಮ. ಇಲ್ಲಿ ಎಲ್ಲರೂ ಇಟ್ಕೊಳ್ತಾರೆ, ನೊಣ ಓಡಿಸಿದ ಹಾಗೆ. ಅದಕ್ಕೇನೂ ಅರ್ಥ ಇಲ್ಲ."

ಐಮೆರಿಕನಿಗೆ ಅರ್ಧ ಜೀವ ಬಂತು. ಆದರೆ ಕೆರೆಯ ಹಾವುಮೀನು ಎಂದೊಡನೆ ಹೊಟ್ಟೆಯೂ ಉರಿಯಿತು. ಕೆರೆ ಅವನದು, ನಿಜ. ಮೀನು ಮಾತ್ರ ಮೂರು ವರ್ಷದಿಂದ ಗಿರಣಿಯ ಗಿರೌಟನ ಪಾಲು. ಎಷ್ಟು ಕಾದರೂ ಕಳ್ಳ ಕೈಗೆ ಸಿಕ್ಕಿಬಿದ್ದಿರಲಿಲ್ಲ. ಕೊನೆಗೆ ಹೋದ ವಾರ ಗಿರಣಿಯ ಹಿಂದೆ ಮೀನಿನ ತೊಗಲು ಸಿಕ್ಕಿ, ಬರುವ ಸೋಮವಾರ ಒಡೆಯರ ಕಟ್ಟೆಯಲ್ಲಿ ವಿಚಾರಣೆ ಎಂದು ನಿಗದಿಯಾಗಿತ್ತು. ಗಿರಣಿಯನ್ನೇ ಬಿಡಿಸಿ ಊರಾಚೆ ಅಟ್ಟುವುದೆಂದು ಐಮೆರಿಕ ತೀರ್ಮಾನಿಸಿಯೂ ಆಗಿತ್ತು.

ಈಗ ಸಂಜೆಯೊಳಗೆ ಮೀನು ಬೇಕಾದರೆ ಅದೇ ಕಳ್ಳನ ಬಾಗಿಲಿಗೆ ಹೋಗಬೇಕು.

*

ಗಿರೌಟ್ ಹಾಡಹಗಲಲ್ಲೇ ಕೆರೆಯ ಏರಿಯ ಮೇಲೆ ಗಾಳ ಹಾಕಿ ಕೂತಿದ್ದ. ಪಕ್ಕದಲ್ಲಿ ಅವನ ಹಾಸಿಗೆ, ದಿಂಬು, ಒಂದು ಮಡಕೆ. ಒಡೆಯನನ್ನು ಕಂಡರೂ ಏಳಲಿಲ್ಲ. ಅವನ ಮೂಗು ಊರಿನಲ್ಲೇ ಹೆಸರುವಾಸಿ. ಗಿರಣಿಯ ಬಾಗಿಲು ದಾಟುವಾಗ ಮೂಗು ಮೊದಲು ಒಳಗೆ ಹೋಗಿ, ಆಮೇಲೆ ಗಿರೌಟ್ ಹೋಗುತ್ತಾನೆ ಎನ್ನುತ್ತಿದ್ದರು.

"ಏನು ದಂಡ ಹಾಕ್ತೀರೋ ಹಾಕಿ, ಒಡೆಯರೇ," ಎಂದ ಪ್ರಸನ್ನನಾಗಿ. "ನನ್ನ ಹೆಂಡ್ತಿ ನನ್ನನ್ನ ಹೊರಗೆ ಹಾಕಿದ್ದಾಳೆ. ನಾನೂ ನಿಮ್ಮ ಹಾಗೇ ಎತ್ಕೊಂಡಿದ್ದೆನಲ್ಲ? ಈಗ ನಾನು ಅವಳಿಗೆ ಅಣ್ಣನಂತೆ. ಹದಿನೆಂಟು ವರ್ಷದಲ್ಲಿ ಇದೇ ಮೊದಲ ಸಲ ಸುಮ್ಮನೆ ಕೂತಿದ್ದೀನಿ. ಗಾಳಿ ಬೀಸೋದು ಕೇಳಿಸ್ತಾ ಇದೆ, ನೋಡಿ!"

ಐಮೆರಿಕನಿಗೆ ಜಗಳವಾಡುವ ಚೈತನ್ಯವೂ ಉಳಿದಿರಲಿಲ್ಲ. ಅವನೂ ಏರಿಯ ಮೇಲೆ ಕುಸಿದ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ, ಹಿಂದಿನ ರಾತ್ರಿ ನಿದ್ದೆಯೂ ಇಲ್ಲ. ಗಿರೌಟ್ ರೊಟ್ಟಿ ಮುರಿದು ಕೊಟ್ಟ. ತಿಂದ.

"ನಿನಗೇನಪ್ಪ, ಎಂಟು ಮಕ್ಕಳು," ಎಂದ ಐಮೆರಿಕ ರೊಟ್ಟಿ ಅಗಿಯುತ್ತ. "ನನಗೆ ಒಂಬತ್ತು ವರ್ಷಕ್ಕೆ ಒಂದು. ಅದನ್ನ ಒಂದೇ ಸಲ ಕೈಯಲ್ಲಿ ಹಿಡಿದೆ, ಅದೇ ತಪ್ಪಾಯ್ತು. ಕಣ್ಣಿಗೆ ಕಟ್ಟಿದ ಹಾಗಿದೆ ಕಣೋ. ಇಷ್ಟೇ ಇಷ್ಟು ಪಾದ. ಅದಕ್ಕೊಂದು ನೀಲಿ ದಾರ..."

"ಕೆಂಪು," ಎಂದ ಗಿರೌಟ್.

"ಏನು?"

"ನಿಮ್ಮ ಮಗೂದು ಕೆಂಪು ದಾರ. ನೀಲಿ ನಮ್ಮದು. ಗಾಲಿಯಾನಳ ಹಳೇ ಕಾಲ್ಚೀಲ ಬಿಚ್ಚಿ ನಾನೇ ಕೊಟ್ಟಿದ್ದು. ಅದಲುಬದಲು ಆಗಬಾರದು ಅಂತ ಪೆಯ್ರೋನ ಬಣ್ಣ ಬೇರೆ ಮಾಡಿದ್ಲು."

"ಇಲ್ಲಪ್ಪ, ನಾನು ಹಿಡಿದಿದ್ದು ನೀಲಿ. ನಮ್ಮಪ್ಪನ ಮೂಗು ಬೇರೆ..."

ಐಮೆರಿಕ ಗಿರೌಟನ ಮೂಗನ್ನು ನೋಡಿದ. ಬಹಳ ಹೊತ್ತು ನೋಡಿದ.

ಆಮೇಲೆ ಇಬ್ಬರೂ ಒಟ್ಟಿಗೆ ಏರಿಯ ಪಕ್ಕದಲ್ಲೇ ಇದ್ದ ಗಿರಣಿಯ ಕಡೆ ತಿರುಗಿದರು. ಬಾಣಂತಿಯನ್ನು ನೋಡಿಕೊಳ್ಳಲು ಬಂದಿದ್ದ ಪೆಯ್ರೋನ ಇವರ ಮಾತು ಕಿವಿಗೆ ಬಿದ್ದು, ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಿಲ ಬಾಗಿಲಿನಿಂದ ಜಾರಿಕೊಳ್ಳುತ್ತಿದ್ದಳು.

"ಪೆಯ್ರೋನಾ!"

ಸೂಲಗಿತ್ತಿ ನಿಂತಲ್ಲೇ ಅಳತೊಡಗಿದಳು. "ನಂದೇನೂ ತಪ್ಪಿಲ್ಲ ಸ್ವಾಮಿ! ದೊರೆಗಳ ಮಗು ಬಲಗಡೆ ಅಂತ ಹೇಳ್ದೆ. ಅಲ್ಲೇ ಹಿಡ್ಕೊಂಡಿದ್ದೆ. ಪಾದ್ರಿಗಳು ನನಗೆ ಎದುರಾಗಿ ನಿಂತಿದ್ರು. ಅವರ ಬಲ ನನ್ನ ಎಡ ಅಂತ ನನಗೆ ಹೊಳೆದಿದ್ದು ಬಟ್ಟೆ ಸುತ್ತೋವಾಗ, ದಾರ ನೋಡಿ. ಅಷ್ಟರಲ್ಲಿ ಇಬ್ಬರಿಗೂ ನೀರು ಮುಟ್ಟಿಬಿಟ್ಟಿತ್ತು. ಮಕ್ಕಳನ್ನ ಮಾತ್ರ ಸರಿಯಾಗೇ ತಲುಪಿಸಿದ್ದೀನಿ, ನನ್ನ ಕಣ್ಣಾಣೆ! ಅವರವರ ಮಗು ಅವರವರ ತಾಯಿ ಹತ್ರಾನೇ ಇದೆ."

ಅಂದರೆ ಐಮೆರಿಕ ಎತ್ತಿಕೊಂಡದ್ದು ಗಿರೌಟನ ಮಗನನ್ನು. ಗಿರೌಟ್, ಹೆಸರಿಟ್ಟ ಸಂಭ್ರಮದಲ್ಲಿ ದಾರವನ್ನೂ ನೋಡದೆ, ಎತ್ತಿಕೊಂಡದ್ದು ಐಮೆರಿಕನ ಮಗನನ್ನು. ತನ್ನ ಮಗುವನ್ನು ಯಾರೂ ತಾನೇ ಎತ್ತಿಲ್ಲ. ಯಾರ ಮದುವೆಗೂ ಕುಂದಿಲ್ಲ!

ಐಮೆರಿಕ ಎದ್ದು ಕುಣಿದ. ಗಿರೌಟನನ್ನು ಅಪ್ಪಿಕೊಂಡ. ಪೆಯ್ರೋನಳ ಎರಡೂ ಕೆನ್ನೆಗೆ ಮುತ್ತಿಟ್ಟ. ಅವಳು ಇನ್ನೂ ಜೋರಾಗಿ ಅತ್ತಳು.

ಗಿರೌಟನ ಮುಖ ಮಾತ್ರ ಇಳಿದುಹೋಗಿತ್ತು. "ಹಾಗಾದ್ರೆ ನಾನು... ಮನೆಗೆ ಹೋಗ್ಬೇಕಾ?"

ದಿಂಬಿಗೆ ಕೈಹಾಕಿದವನಿಗೆ ಏನೋ ಹೊಳೆದು ಕಣ್ಣು ಅಗಲವಾಯಿತು. "ಅಂದ್ರೆ, ಒಡೆಯರೇ, ನೀವು ನನಗೆ ನೀರಿನ ನೆಂಟರಾದ್ರಿ!"

"ಆದೆ ಕಣೋ, ಆದೆ!" ಎಂದ ಐಮೆರಿಕ ಕುದುರೆ ಏರುತ್ತ. ಆ ಗಳಿಗೆಯಲ್ಲಿ ಕೆರೆಯ ಕಪ್ಪೆ ಕೇಳಿದ್ದರೂ ನೆಂಟನಾಗುತ್ತಿದ್ದ. "ಹಾವುಮೀನು ನಾಲ್ಕು ಮಠಕ್ಕೆ ಕಳಿಸು. ಉಳಿದದ್ದು ಹಿಡ್ಕೊಂಡು ರಾತ್ರಿ ಊಟಕ್ಕೆ ಬಾ!"

*

ಸಂತೋಷವಾದರೆ ಗುಟ್ಟು ಇಟ್ಟುಕೊಳ್ಳುವ ಜಾಯಮಾನ ಐಮೆರಿಕನದಲ್ಲ. ಪೆಯ್ರೋನಳನ್ನು ಕುದುರೆಯ ಹಿಂದೆ ಕೂರಿಸಿಕೊಂಡು ದಾರಿಯುದ್ದಕ್ಕೂ ಕೂಗಿಕೊಂಡು ಬಂದ. ಕಮ್ಮಾರನಿಗೆ ಹೇಳಿದ, ಬಟ್ಟೆ ಒಗೆಯುವ ಮುದುಕಿಗೆ ಹೇಳಿದ. ಇಗರ್ಜಿಯ ಗಂಟೆ ಹೊಡೆಸಿ ಊರನ್ನೆಲ್ಲ ಸೇರಿಸಿ, ಪಾದ್ರಿಗಳನ್ನೂ ಸೂಲಗಿತ್ತಿಯನ್ನೂ ಎದುರುಬದುರು ನಿಲ್ಲಿಸಿ, ಬಲ ಯಾವುದು ಎಡ ಯಾವುದು ಎಂದು ತೋರಿಸಿಕೊಟ್ಟ. ಪಾದ್ರಿಗಳು ಸಂತನ ಮೂಳೆಯಿದ್ದ ಪೆಟ್ಟಿಗೆಯ ಮೇಲೆ ಪೆಯ್ರೋನಳ ಕೈಯಿಡಿಸಿ ಪ್ರಮಾಣ ಮಾಡಿಸಿದರು.

ಬ್ರುನಿಸೆಂದ ಒಂದೊಂದು ಮಾತನ್ನೂ ಹುಳುಕು ಬಟಾಣಿ ಆರಿಸುವಂತೆ ಆರಿಸಿ ನೋಡಿದಳು. ಕೊನೆಗೆ ಕೋಟೆಗೆ ಮರಳಿ, ಮಗುವಿನ ಕಾಲಿನದು ಕೆಂಪು ದಾರವೇ ಎಂದು ಬಾಗಿಲ ಸಂದಿಯಲ್ಲಿ ಮಗಳನ್ನು ಕೇಳಿಕೊಂಡು, ಕಿಟಕಿಯಾಚೆಯ ಎರಡನೆಯ ಗೋಪುರವನ್ನೊಮ್ಮೆ ನೋಡಿ, ಸೊಂಟದಿಂದ ಬೀಗದ ಕೈ ಬಿಚ್ಚಿದಳು.

ಬಾಗಿಲು ತೆರೆಯಿತು. ಅಲಮಾಂದ ಹಾಸಿಗೆಯಲ್ಲಿ ಒರಗಿ ಕೂತಿದ್ದಳು, ಕಣ್ಣು ಕೆಂಪಗೆ, ಕೂದಲು ಹಕ್ಕಿಯ ಗೂಡು. ಐಮೆರಿಕನಿಗೆ ಅಷ್ಟು ಚೆಂದದ್ದು ಬೇರೇನೂ ಲೋಕದಲ್ಲಿ ಇಲ್ಲವೆನಿಸಿತು. ಹಾಸಿಗೆಯ ಅಂಚಿನಲ್ಲಿ ಕೂತು ಅವಳ ಕೈ ಹಿಡಿದುಕೊಂಡ.

"ಕಂಬದ ಹಿಂದೆ ನಿಂತಿದ್ರಂತೆ," ಎಂದಳು ಅಲಮಾಂದ, ನಗುತ್ತ.

"ನಿಂತಿದ್ದೆ."

"ಹೋಗ್ಲಿ ಬಿಡಿ. ಎಲ್ಲ ನೆಟ್ಟಗಾಯ್ತಲ್ಲ." ತೊಡೆಯ ಮೇಲಿನ ಮಗುವನ್ನು ನೋಡುತ್ತ ಅವಳ ಹುಬ್ಬು ಗಂಟಾಯಿತು. "ಅಲ್ಲಾ ರೀ... ಮೊದಲು ಮುಳುಗಿಸಿದ ಮಗೂಗೆ ತಾನೇ ಅಮ್ಮ ಐಮೆರಿಕ್ ಅಂತ ಹೆಸರು ಹೇಳಿದ್ದು?"

"ಹೌದು."

"ಅದು ಗಿರಣಿ ಮಗು."

"ಹೌ... ಹೌದು."

"ಹಾಗಾದ್ರೆ ಇವನ ಹೆಸರೇನು?"

ಜೊತೆಗೇ ಬಂದು ಬಾಗಿಲಲ್ಲಿ ನಿಂತಿದ್ದ ಪೋನ್ಸ್ ಪಾದ್ರಿಗಳು ಮೆಲ್ಲಗೆ ಕೆಮ್ಮಿದರು. "ಗಿರೌಟ್. ನೀರಲ್ಲಿ ಒಮ್ಮೆ ಇಟ್ಟ ಹೆಸರು ಇಟ್ಟದ್ದೇ, ಒಡೆಯರೇ. ಎರಡನೇ ಸಲ ಮುಳುಗಿಸಿದ್ರೆ ಮಹಾಪಾಪ. ಊರ ಮುಂದೆ ಪ್ರಮಾಣ ಬೇರೆ ಆಗಿಹೋಯ್ತು."

*

ಸಂಜೆ ಹಜಾರದಲ್ಲಿ ಎರಡು ಬಾತಿನ ಊಟ. ಒಡೆಯನ ಪಕ್ಕದ ಪೀಠದಲ್ಲಿ, ಮಗುವಿನ ಜ್ಞಾನತಂದೆಯ ಜಾಗದಲ್ಲಿ, ಗಿರಣಿಯ ಗಿರೌಟ್ ತಲೆಗೆ ನೀರು ಹಚ್ಚಿ ಬಾಚಿಕೊಂಡು ಕೂತಿದ್ದ. ಉಡುಗೊರೆಯಾಗಿ ಬುಟ್ಟಿ ತುಂಬ ಹಾವುಮೀನು ತಂದಿದ್ದ. ಐಮೆರಿಕನ ಕೆರೆಯವೇ.

"ಸೋಮವಾರದ ವಿಚಾರಣೆ ಏನು ಮಾಡೋಣ, ಬೀಗರೇ?" ಎಂದ ಗಿರೌಟ್ ವಿನಯದಿಂದ. "ನೀರಿನ ನೆಂಟರು ಒಬ್ಬರ ಮೇಲೊಬ್ಬರು ದೂರು ಹಾಕಬಾರದಂತಲ್ಲ, ಪಾದ್ರಿಗಳು ಹೇಳಿದ್ರು."

"ಬಿಟ್ಟುಬಿಡೋಣ," ಎಂದ ಐಮೆರಿಕ.

"ದೊಡ್ಡ ಮನಸ್ಸು ನಿಮ್ಮದು. ಬೀಗಿತ್ತಿಯವರೇ, ಬಾಲದ ಕಡೆ ತುಂಡು ಹಾಕ್ಲಾ?"

ಬೀಗಿತ್ತಿ ಎಂದದ್ದು ಬ್ರುನಿಸೆಂದಳಿಗೆ. ಅವಳ ಜ್ಞಾನಪುತ್ರ ಐಮೆರಿಕ್ ಈಗ ಗಿರಣಿಯ ತೊಟ್ಟಿಲಲ್ಲಿ ಮಲಗಿದ್ದ. ಆ ಮನೆಯವರೊಂದಿಗೆ ಅವಳದೂ ಸಾಯುವ ತನಕದ ನೆಂಟಸ್ತಿಕೆ. ಅವಳು ತಟ್ಟೆ ನೋಡುತ್ತ ಕೂತಿದ್ದಳು. ದಿನವಿಡೀ ಸೋತಿದ್ದ ಐಮೆರಿಕನಿಗೆ ಆ ನೋಟವೊಂದೇ ಒಂದು ಬಾತಿನಷ್ಟು ಹೊಟ್ಟೆ ತುಂಬಿಸಿತು.

ಬಾಗಿಲು ತಳ್ಳಿಕೊಂಡು ಸಿಕಾರ್ಟ್ ಮಾವ ಒಳಬಂದ. ಸೊಂಟದವರೆಗೂ ಕೆಸರು, ಕೈಯಲ್ಲಿ ಬೂಟು. "ಸಿಕ್ತು ಕಣೋ! ಎಲ್ಲಿ ಮಗು? ಕೊಡಿ, ಎತ್ಕೊಳ್ಳೋಣ."

ಅವನ ಹಿಂದೆಯೇ ಮಠದ ಬಾಗಿಲು ಕಾಯುವವನು ಬಂದ. ಉಗೋಲೆನ್ ಪಂಡಿತರು, ಗಂಟೆ ಹೊಡೆದ ಕೂಡಲೆ ಬರೆದು ಕಳಿಸಿದ್ದ ತೀರ್ಪನ್ನು ಅವನು ಹಜಾರದ ಮಧ್ಯೆ ನಿಂತು ಗಟ್ಟಿಯಾಗಿ ಓದಿದ:

"ಮೊಂತಿರೋಲ್ ಒಡೆಯರಿಗೆ ಆಶೀರ್ವಾದಗಳು. ಹಾವುಮೀನು ತಲುಪಿತು. ಬೀಳುವ ಮಗುವನ್ನು ಬೇರೆ ದಾರಿಯಿಲ್ಲದೆ ಎತ್ತಿಕೊಂಡ ತಂದೆಯ ಮದುವೆಗೆ ಧರ್ಮಶಾಸ್ತ್ರದಲ್ಲಿ ಯಾವ ಬಾಧೆಯೂ ಇಲ್ಲ. ನೀವು ಬೆಳಿಗ್ಗೆಯೂ ಗಂಡನೇ, ಈಗಲೂ ಗಂಡನೇ. ಇದಕ್ಕಾಗಿ ಸಾಕ್ಷಿ ಹುಡುಕುವುದು, ಊರು ಸೇರಿಸುವುದು, ಪ್ರಮಾಣ ಮಾಡಿಸುವುದು ಯಾವುದೂ ಬೇಡ. ಯಾರೊಡನೆಯೂ ಏನೂ ಆಡದೆ ಮನೆಗೆ ಹೋಗಿ ಸುಮ್ಮನಿರುವುದು. ತುಟಿಯ ಮೇಲೆ ಬೆರಳಿಟ್ಟು ಆಗಲೇ ತಿಳಿಸಿದ್ದೇನೆ."

ಬಾಗಿಲಿನವನು ತಾನು ಓದಿದ್ದನ್ನು ತಾನೇ ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡು, ಕಾಗದ ಮಡಚಿ, ಒಂದು ತೊಡೆ ಮಾಂಸ ಎತ್ತಿಕೊಂಡು ಮೆಲ್ಲಗೆ ಹೊರಟುಹೋದ.

ಸುಮ್ಮನಿದ್ದಿದ್ದರೆ! ಮದುವೆಯೂ ಉಳಿಯುತ್ತಿತ್ತು, ಮಗ ಎಂಟನೆಯ ಐಮೆರಿಕನಾಗಿ ಬೆಳೆಯುತ್ತಿದ್ದ, ಕಳ್ಳ ಸೋಮವಾರ ಕಟ್ಟೆಯ ಮುಂದೆ ನಿಲ್ಲುತ್ತಿದ್ದ. ದಾರದ ಬಣ್ಣ ಪೆಯ್ರೋನಳ ಹೊಟ್ಟೆಯಲ್ಲೇ ಇರುತ್ತಿತ್ತು. ಐಮೆರಿಕ ಗೋಪುರದ ಬಾಗಿಲಿನ ಕಲ್ಲನ್ನು ನೆನೆದ. ಇನ್ನು ಕಲ್ಲುಕುಟಿಗನನ್ನು ಕರೆಸಲೇಬೇಕು.

ಆದರೆ ಮೆಟ್ಟಿಲ ಮೇಲೆ ಬಾಣಂತಿ ಕೋಣೆಯ ಬಾಗಿಲು ಪೂರ್ತಿ ತೆರೆದಿತ್ತು. ದೀಪದ ಬೆಳಕು ಹೊರಕ್ಕೆ ಚೆಲ್ಲಿತ್ತು. ಸ್ಟೂಲೂ ಇರಲಿಲ್ಲ, ಬೀಗವೂ ಇರಲಿಲ್ಲ. ಅವನು ದಿನದಲ್ಲಿ ಮೊದಲ ಸಲ ಬೆನ್ನನ್ನು ಕುರ್ಚಿಗೆ ಪೂರಾ ಒರಗಿಸಿ, ಕಾಲು ಚಾಚಿ, ಹಾವುಮೀನಿನ ತುಂಡೊಂದನ್ನು ಬಾಯಿಗಿಟ್ಟುಕೊಂಡ. ರುಚಿಯಾಗಿತ್ತು. ಮೂರು ವರ್ಷದ ಮೇಲೆ ತನ್ನ ಕೆರೆಯ ಮೀನು ಅವನ ಬಾಯಿಗೆ ಬಿದ್ದಿತ್ತು.

ಮೇಲೆ ಮಗು ಕಿರಿಚಿಕೊಂಡಿತು.

"ಗಿರೌಟ್! ಸಾಕು, ಸುಮ್ಮನಿರಪ್ಪ," ಎಂದ ಅಲಮಾಂದಳ ದನಿ ಕೇಳಿತು.

ಪಕ್ಕದ ಪೀಠದಲ್ಲಿ ಗಿರಣಿಯವನು ಬಾಯಲ್ಲಿದ್ದ ತುತ್ತನ್ನು ಗಡಿಬಿಡಿಯಲ್ಲಿ ನುಂಗಿದ.

"ನಾನೇನೂ ಮಾತಾಡ್ಲೇ ಇಲ್ಲವಲ್ಲಾ, ಅಮ್ಮಾವರೇ!"